ಗೊತ್ತಿಲ್ಲದಿದ್ದರೆ ಎನ್ ಒತ್ತಿ

(ಹುಡುಗನಿಗೆ ಎಂಜಿನಿಯರಿಂಗ್ ಕೊನೆಯ ವರ್ಷ. ಚಿಕ್ಕಮ್ಮ ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಹೊಸ ಬೋರ್ಡುಗಳ ಮೇಲೆ ಲಿನಕ್ಸ್ ಓಡುವಂತೆ ಮಾಡುವುದನ್ನೇ ಕಸುಬು ಮಾಡಿಕೊಂಡವರು. ಹೆಸರುಗಳು ಬೇಡ.)

ಹುಡುಗ: ಚಿಕ್ಕಮ್ಮ, ಸ್ವಲ್ಪ ಇದನ್ನ ನೋಡಿ. ಕರ್ನೆಲ್ ಸೋರ್ಸ್ ಇಳಿಸಿಕೊಂಡು ‘ಮೇಕ್ ಮೆನುಕಾನ್ಫಿಗ್’ ಕೊಟ್ಟೆ. ನೀಲಿ ಪರದೆ ಬಂತು. ಒಂದು ಪಟ್ಟಿಯೊಳಗೆ ಹೋದರೆ ಇನ್ನೊಂದು ಪಟ್ಟಿ, ಅದರೊಳಗೆ ಮತ್ತೊಂದು. ಟೈಮರ್ ಸೆಕೆಂಡಿಗೆ ಎಷ್ಟು ಸಲ ಬಡಿಯಬೇಕು ಅಂತ ಕೇಳುತ್ತೆ: 100, 250, 300, 1000. ನನಗೇನು ಗೊತ್ತು? ಸಹಾಯಕ್ಕೆ ಪ್ರಶ್ನೆಚಿಹ್ನೆ ಒತ್ತಿದರೆ ಎಷ್ಟೋ ಕಡೆ ಕೊನೇ ಸಾಲು ಒಂದೇ: ‘ಗೊತ್ತಿಲ್ಲದಿದ್ದರೆ ಎನ್ ಅನ್ನಿ.’

ಚಿಕ್ಕಮ್ಮ: ಕೆಲವು ಕಡೆ ವೈ ಅನ್ನಿ ಅಂತಲೂ ಇರುತ್ತೆ ಕಣೋ.

ಹುಡುಗ: ಅದೇ ನನ್ನ ತಕರಾರು. ಉತ್ತರ ಅವರಿಗೆ ಗೊತ್ತಿದೆ. ಗೊತ್ತಿದ್ದೂ ನನ್ನನ್ನ ಕೇಳ್ತಾರೆ. ಇದನ್ನೆಲ್ಲ ಹತ್ತು ಪ್ರಶ್ನೆಗೆ ಇಳಿಸೋಕೆ ಆಗಲ್ವಾ?

ಚಿಕ್ಕಮ್ಮ: ಯಾವ ಹತ್ತು?

ಹುಡುಗ: ಯಾವುದೋ ಹತ್ತು. ನೀವೇ ಹೇಳಿ.

ಚಿಕ್ಕಮ್ಮ: ನಾನು ಹೇಳೋ ಹತ್ತು ನನ್ನ ಬೋರ್ಡಿಗೆ ಸರಿ. ನಿನ್ನ ಲ್ಯಾಪ್‌ಟಾಪ್‌ಗೆ ಅದರಲ್ಲಿ ಒಂದೂ ಬೇಡ. ಕ್ಲೌಡ್ ಕಂಪನಿಯವನ ಹತ್ತು ಬೇರೆ, ರೂಟರ್ ಮಾಡೋನ ಹತ್ತು ಬೇರೆ. ಹೀಗೆ ಎಲ್ಲರ ಹತ್ತೂ ಕೂಡಿಕೊಂಡೇ ಇಲ್ಲಿಗೆ ಬಂದಿರೋದು. ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದವರು 2011ರಲ್ಲಿ ಒಂದು ಪ್ರಬಂಧ ಬರೆದರು. ಲಿನಕ್ಸ್‌ನ ಹತ್ತು ಸಾವಿರ ಆಯ್ಕೆಗಳ ಸಮಸ್ಯೆ ಅನ್ನೋದು ಅದರ ಶೀರ್ಷಿಕೆಯಲ್ಲೇ ಇತ್ತು. ಆಮೇಲೆ ಪಟ್ಟಿ ಬೆಳೆದಿದೆಯೇ ಹೊರತು ಕುಗ್ಗಿಲ್ಲ. ಅದರಲ್ಲೂ ಬಹಳಷ್ಟಕ್ಕೆ ಮೂರು ಉತ್ತರ: ವೈ ಅಂದರೆ ಕರ್ನೆಲ್ ಒಳಗೇ ಸೇರುತ್ತೆ, ಎಮ್ ಅಂದರೆ ಮಾಡ್ಯೂಲ್ ಆಗಿ ಪಕ್ಕದಲ್ಲಿರುತ್ತೆ, ಎನ್ ಅಂದರೆ ಇಲ್ಲ. ಎಷ್ಟು ಬಗೆಯ ಕರ್ನೆಲ್ ಆಗಬಹುದು, ಲೆಕ್ಕ ಹಾಕು. ಅಷ್ಟನ್ನೂ ಕಂಪೈಲ್ ಮಾಡಿ ನೋಡಿದವರು ಭೂಮಿ ಮೇಲೆ ಇಲ್ಲ, ಇರೋಕೂ ಸಾಧ್ಯವಿಲ್ಲ. ಅದಕ್ಕೇ ‘ರ‍್ಯಾಂಡ್‌ಕಾನ್ಫಿಗ್’ ಅಂತ ಒಂದಿದೆ. ಕಣ್ಣುಮುಚ್ಚಿ ಉತ್ತರ ತುಂಬುತ್ತೆ. ಯಂತ್ರಗಳು ಹಗಲೂ ರಾತ್ರಿ ಅಂಥ ಕರ್ನೆಲ್‌ಗಳನ್ನ ಕಟ್ಟಿ, ಎಲ್ಲಿ ಮುರೀತು ಅಂತ ವರದಿ ಕಳಿಸ್ತಾ ಇರ್ತವೆ.

ಹುಡುಗ: ಇದನ್ನ ಸರಳ ಮಾಡೋಕೆ ಯಾರೂ ಕೈ ಹಾಕಲಿಲ್ವಾ?

ಚಿಕ್ಕಮ್ಮ: ಹಾಕದೆ ಏನು? ಮೊದಮೊದಲು ಇದ್ದದ್ದು ‘ಮೇಕ್ ಕಾನ್ಫಿಗ್’ ಒಂದೇ. ಒಂದೊಂದೇ ಪ್ರಶ್ನೆ ಸಾಲಾಗಿ ಬರೋದು. ಹಿಂದಿನ ಉತ್ತರ ತಪ್ಪಾಯ್ತು ಅಂತ ನೆನಪಾದರೆ ಹಿಂದಕ್ಕೆ ಹೋಗೋ ದಾರಿಯೇ ಇಲ್ಲ, ಮೊದಲಿಂದ ಶುರು ಮಾಡಬೇಕು. ನೀಲಿ ಪರದೆ ಬಂದಾಗ ಜನ ಹಬ್ಬ ಮಾಡಿದರು ಅಂತಿಟ್ಟುಕೋ. 2000ದ ಸುಮಾರಿಗೆ ಎರಿಕ್ ರೇಮಂಡ್ ಅನ್ನೋ ಪ್ರೋಗ್ರಾಮರ್ ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಬರೆಯೋಕೆ ಹೊರಟರು. ‘ಸಿಎಂಎಲ್2’ ಅಂತ ಹೆಸರು, ಪೈಥಾನ್‌ನಲ್ಲಿ ಬರೆದದ್ದು. ಆಗಲೇ ಬಂತು ನೋಡು ಟಿಲಿ ಆಂಟಿಯ ಮಾತು.

ಹುಡುಗ: ಅದ್ಯಾರು?

ಚಿಕ್ಕಮ್ಮ: ಯಾರೂ ಅಲ್ಲ, ರೇಮಂಡ್ ಕಲ್ಪಿಸಿಕೊಂಡ ಹೆಂಗಸು. ಕಂಪ್ಯೂಟರ್ ಒಳಗೆ ಏನಿದೆ ಅಂತ ಗೊತ್ತಿಲ್ಲದ ಟಿಲಿ ಆಂಟಿ ಕೂಡ ತನ್ನ ಕರ್ನೆಲ್ ತಾನೇ ಕಟ್ಟಿಕೊಳ್ಳೋ ಹಾಗಿರಬೇಕು ಅನ್ನೋದು ಅವರ ವಾದ. ಯಂತ್ರವೇ ತನ್ನೊಳಗಿನ ಹಾರ್ಡ್‌ವೇರ್ ಪತ್ತೆಹಚ್ಚಿ ಉತ್ತರ ತುಂಬಿಕೊಳ್ಳಬೇಕು ಅಂದರು. 2002ರ ಆರಂಭದಲ್ಲಿ ದೊಡ್ಡ ಜಗಳ ಆಯ್ತು. ಟಿಲಿ ಆಂಟಿ ಕರ್ನೆಲ್ ಕಟ್ಟೋದಾದರೂ ಯಾಕೆ, ಡೆಬಿಯನ್ನೋ ರೆಡ್ ಹ್ಯಾಟೋ ಕೊಟ್ಟದ್ದನ್ನ ಹಾಕಿಕೊಳ್ಳಲಿ ಅಂದರು ಉಳಿದವರು. ನಾನೂ ಒಬ್ಬನ ಚಿಕ್ಕಮ್ಮ ಅಲ್ವಾ, ಅದನ್ನ ಓದಿದಾಗಲೆಲ್ಲ ನಗು ಬರುತ್ತೆ. ಇವರಿಗೆ ದಡ್ಡರು ಬೇಕಾದಾಗ ನೆನಪಾಗೋದು ಆಂಟಿಯೇ.

ಹುಡುಗ: ನಿಮ್ಮನ್ನ ನೋಡಿದ್ದರೆ ಆ ಮಾತು ಆಡ್ತಿರಲಿಲ್ಲ. ಆದರೆ ರೇಮಂಡ್ ಹೇಳಿದ್ದರಲ್ಲಿ ತಪ್ಪೇನು? ಸಾಮಾನ್ಯರಿಗೂ ಆಗಬೇಕು ಅನ್ನೋದು ಒಳ್ಳೇದೇ ಅಲ್ವಾ?

ಚಿಕ್ಕಮ್ಮ: ಆಸೆ ಒಳ್ಳೇದೇ. ಆದರೆ ಇದ್ದದ್ದನ್ನೆಲ್ಲ ಒಂದೇ ಏಟಿಗೆ ಬದಲಾಯಿಸೋಕೆ ಹೋದರು, ಕರ್ನೆಲ್ ಕಟ್ಟೋಕೂ ಪೈಥಾನ್ ಬೇಕು ಅಂದರು. ಕರ್ನೆಲ್‌ನವರು ಒಪ್ಪಲಿಲ್ಲ. 2002ರ ಅಕ್ಟೋಬರ್‌ನಲ್ಲಿ 2.5.45 ಆವೃತ್ತಿಗೆ ಸೇರಿದ್ದು ರೋಮನ್ ಜಿಪೆಲ್ ಬರೆದ ಕೆಕಾನ್ಫಿಗ್. ಅದು ಸಿ ಭಾಷೆಯದು, ಸಾಧಾರಣವಾದದ್ದು, ದೊಡ್ಡ ಮಾತು ಆಡದ್ದು. ನೀನು ಈಗ ನೋಡ್ತಿರೋದು ಅದನ್ನೇ. ಬಿಸಿಬಾಕ್ಸ್, ಯು-ಬೂಟ್, ಜೆಫೈರ್ ಎಲ್ಲ ಅದನ್ನೇ ಎರವಲು ತಗೊಂಡಿವೆ.

ಹುಡುಗ: ಅದು ಸರಳವೇ?

ಚಿಕ್ಕಮ್ಮ: ಭಾಷೆ ಸರಳ, ಬಳಕೆ ಅಲ್ಲ. ಒಂದು ಆಯ್ಕೆ ತಗೋ, ಇಎಕ್ಸ್‌ಟಿ4 ಕಡತವ್ಯವಸ್ಥೆ. ಅದನ್ನ ಹಾಕಿದರೆ ಅದರ ಜರ್ನಲ್ ನೋಡಿಕೊಳ್ಳೋ ಜೆಬಿಡಿ2 ತಾನಾಗಿ ಸೇರುತ್ತೆ, ಯಾಕೆಂದರೆ ಅಲ್ಲಿ ‘ಸೆಲೆಕ್ಟ್’ ಅಂತ ಬರೆದಿದೆ. ‘ಡಿಪೆಂಡ್ಸ್ ಆನ್’ ಅಂತ ಬರೆದಿದ್ದರೆ ಜೆಬಿಡಿ2 ಹಾಕೋ ತನಕ ಇಎಕ್ಸ್‌ಟಿ4 ಪ್ರಶ್ನೆಯೇ ನಿನಗೆ ಕಾಣಿಸ್ತಿರಲಿಲ್ಲ. ನೋಡೋಕೆ ಸೆಲೆಕ್ಟೇ ಸುಖ. ಆದರೆ ಅದಕ್ಕೊಂದು ಕೆಟ್ಟ ಚಾಳಿ ಇದೆ. ತಾನು ಎಳೆದು ತರೋ ಆಯ್ಕೆಗೆ ಬೇರೆ ಏನು ಬೇಕು, ಅದು ಇದೆಯೋ ಇಲ್ಲವೋ ಅಂತ ನೋಡೋದೇ ಇಲ್ಲ. ಮನೆಯಲ್ಲಿ ಅಕ್ಕಿ ಇದೆಯಾ ಅಂತ ಕೇಳದೆ ನೆಂಟರನ್ನ ಊಟಕ್ಕೆ ಕರೆದುಕೊಂಡು ಬರೋ ಯಜಮಾನನ ಹಾಗೆ. ಆಮೇಲೆ ಕಂಪೈಲರ್ ಅರ್ಧದಾರೀಲಿ ಕೈ ಎತ್ತುತ್ತೆ. ಪ್ರಶ್ನೆ ಕಡಿಮೆ ಮಾಡ್ತೀನಿ ಅಂತ ಸಿಕ್ಕಿದ್ದಕ್ಕೆಲ್ಲ ಸೆಲೆಕ್ಟ್ ಬರೆದವರ ಕಥೆ ಇದು. ಸರಳೀಕರಣ ಅಂದುಕೊಂಡು ಗಂಟು ಬಿಗಿ ಮಾಡಿರ್ತಾರೆ.

ಹುಡುಗ: ಈ ಇಎಕ್ಸ್‌ಟಿ4ಗೆ ಎಮ್ ಕೊಟ್ಟರೆ ಏನಾಗುತ್ತೆ? ಮಾಡ್ಯೂಲ್ ಆದರೆ ಹಗುರ ಅಲ್ವಾ?

ಚಿಕ್ಕಮ್ಮ: ನಿನ್ನ ರೂಟ್ ಡಿಸ್ಕೇ ಇಎಕ್ಸ್‌ಟಿ4ನಲ್ಲಿದ್ದು, ಬೂಟ್ ಆಗುವಾಗ ಮೊದಲು ಮೆಮೊರಿಗೆ ಏರೋ ಪುಟ್ಟ ಕಡತವ್ಯವಸ್ಥೆಯಾದ ಇನಿಟ್‌ರ‍್ಯಾಮ್‌ಎಫ್‌ಎಸ್ ಇಲ್ಲದಿದ್ದರೆ ಮುಗೀತು. ಮಾಡ್ಯೂಲ್ ಇರೋದು ಆ ಡಿಸ್ಕ್‌ನಲ್ಲಿ, ಡಿಸ್ಕ್ ಓದೋಕೆ ಬೇಕಾದದ್ದು ಆ ಮಾಡ್ಯೂಲ್. ‘ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ ಅಂತ ಬರೆದು ಕರ್ನೆಲ್ ಪ್ಯಾನಿಕ್ ಆಗಿ ನಿಲ್ಲುತ್ತೆ. ಮೆನುವಿನಲ್ಲಿ ಇದರ ಎಚ್ಚರಿಕೆ ಕೆಂಪಕ್ಷರದಲ್ಲಿ ಬರಲ್ಲ. ಎಮ್ ಅನ್ನೋದು ಸರಿಯಾದ ಉತ್ತರವೇ, ಡೆಬಿಯನ್‌ನವರೂ ಅದನ್ನೇ ಕೊಡ್ತಾರೆ. ಆದರೆ ಅವರು ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲಿ ಅದನ್ನ ಸೇರಿಸಿಕೊಡ್ತಾರೆ. ಒಂದು ಉತ್ತರ ಸರಿಯೋ ತಪ್ಪೋ ಅನ್ನೋದು ಮೆನುವಿನ ಹೊರಗಿರೋ ಸಂಗತಿಯ ಮೇಲೆ ನಿಂತಿರುತ್ತೆ.

ಹುಡುಗ: ಉತ್ತರಗಳೆಲ್ಲ ‘ಡಾಟ್ ಕಾನ್ಫಿಗ್’ ಕಡತದಲ್ಲಿ ಇರುತ್ತವೆ ತಾನೆ? ಅದನ್ನ ನೋಡಿದೆ. ಬೇಡ ಅಂದದ್ದಕ್ಕೆಲ್ಲ ಮುಂದೆ ಹ್ಯಾಶ್ ಹಾಕಿ ‘ಈಸ್ ನಾಟ್ ಸೆಟ್’ ಅಂತ ಬರೆದಿದೆ. ಹ್ಯಾಶ್ ಇದ್ದರೆ ಅದು ಟಿಪ್ಪಣಿ, ಅಳಿಸಿದರೂ ನಡೆಯುತ್ತೆ ಅಲ್ವಾ?

ಚಿಕ್ಕಮ್ಮ: ಮುಟ್ಟಬೇಡ! ಅದು ಟಿಪ್ಪಣಿಯ ವೇಷದಲ್ಲಿರೋ ಉತ್ತರ. ಆ ಸಾಲು ಇದ್ದರೆ ‘ಕೇಳಿದ್ದಾರೆ, ಬೇಡ ಅಂದಿದ್ದೀನಿ’ ಅಂತ ಅರ್ಥ. ಅಳಿಸಿದರೆ ‘ಇನ್ನೂ ಕೇಳೇ ಇಲ್ಲ’ ಅಂತ ಆಗುತ್ತೆ. ಮುಂದಿನ ಸಲ ಮತ್ತೆ ಕೇಳುತ್ತೆ, ಇಲ್ಲ ಡೀಫಾಲ್ಟ್ ಉತ್ತರ ತಾನೇ ತುಂಬಿಕೊಳ್ಳುತ್ತೆ. ಮೂವತ್ತು ವರ್ಷದ ಹಳೇ ಅಭ್ಯಾಸ, ಈಗ ಬದಲಾಯಿಸೋಕೆ ಹೋದರೆ ಎಷ್ಟು ಜನರ ಸ್ಕ್ರಿಪ್ಟ್ ಮುರಿಯುತ್ತೋ.

ಹುಡುಗ: ಹಾಗಾದರೆ ಬಚ್ಚಿಡೋದು ಒಂದೇ ದಾರಿ. ತಿಳಿದವರಿಗೆ ಒಂದು ಬಾಗಿಲು, ನನ್ನಂಥವರಿಗೆ ಇನ್ನೊಂದು.

ಚಿಕ್ಕಮ್ಮ: ಅದೂ ಇದೆ, ‘ಎಕ್ಸ್‌ಪರ್ಟ್’ ಅಂತ. ಅದನ್ನ ಹಾಕಿದರೆ ಮಾತ್ರ ಕೆಲವು ಪ್ರಶ್ನೆ ಕಾಣಿಸ್ತವೆ. ಅಂಥ ಫಲಕಗಳ ಹಣೆಬರಹ ಏನಾಗುತ್ತೆ ಅನ್ನೋದಕ್ಕೆ ‘ಎಕ್ಸ್‌ಪೆರಿಮೆಂಟಲ್’ ಕಥೆ ಕೇಳು. ಇನ್ನೂ ಪಕ್ವವಾಗದ ಕೋಡ್ ಅದರ ಹಿಂದೆ ಇರಬೇಕು ಅಂತ ಲೆಕ್ಕ. ಯಾರಾದರೂ ಹೊಸದು ಬರೆದರೆ ಎಕ್ಸ್‌ಪೆರಿಮೆಂಟಲ್ ಅಂತ ಹಚ್ಚೋರು. ಕೋಡ್ ಪಕ್ವವಾಗಿ ವರ್ಷಗಳು ಕಳೆದರೂ ಆ ಚೀಟಿ ಕೀಳೋರು ಯಾರೂ ಇಲ್ಲ. ಕೊನೆಗೆ ದಿನನಿತ್ಯ ಬೇಕಾದ ಎಷ್ಟೋ ಸಂಗತಿ ಅದರ ಹಿಂದೆ ಸಿಕ್ಕಿಕೊಂಡು, ಡೆಬಿಯನ್, ರೆಡ್ ಹ್ಯಾಟ್‌ನಂಥ ವಿತರಣೆಗಳೆಲ್ಲ ಅದಕ್ಕೆ ವೈ ಅಂತಲೇ ಇಟ್ಟವು. ಎಲ್ಲರೂ ವೈ ಅನ್ನೋ ಪ್ರಶ್ನೆ ಯಾತಕ್ಕೆ? 2012ರ ಕೊನೆಗೆ ಕೀಸ್ ಕುಕ್ ಅದನ್ನ ತೆಗೆಯೋ ಕೆಲಸ ಶುರುಮಾಡಿದರು, 2013ರಲ್ಲಿ ಹೋಯ್ತು. ಯಾರೂ ಅಳಲಿಲ್ಲ.

ಹುಡುಗ: ಲಿನಕ್ಸ್ ಹುಟ್ಟಿಸಿದ ಟೊರ್ವಾಲ್ಡ್ಸ್‌ಗೆ ಈ ಪ್ರಶ್ನೆಗಳ ಕಾಟ ಇಲ್ವಾ?

ಚಿಕ್ಕಮ್ಮ: ಅವರೂ ಗೊಣಗಿದ್ದಾರೆ. 2012ರ ಜುಲೈನಲ್ಲಿ ಒಂದು ಪ್ರಸ್ತಾಪ ಮುಂದಿಟ್ಟರು. ಅವರ ಮಾತಿನ ಸಾರ ಇಷ್ಟು: ನನ್ನ ಯಂತ್ರದಲ್ಲಿ ಯಾವ ನೆಟ್‌ವರ್ಕ್ ಕಾರ್ಡ್ ಇದೆ ಅಂತ ಕೇಳಿದರೆ ಹೇಳಬಲ್ಲೆ. ಆದರೆ ಫೆಡೋರಾ ಬೂಟ್ ಆಗೋಕೆ ಕರ್ನೆಲ್‌ನಲ್ಲಿ ಯಾವ ಯಾವ ಪೂರಕ ಸೌಲಭ್ಯ ಇರಬೇಕು ಅಂತ ನನಗೆ ಹೇಗೆ ಗೊತ್ತಾಗಬೇಕು? ಅದನ್ನ ಆಯಾ ವಿತರಣೆಯವರೇ ಒಂದು ಆಯ್ಕೆಯಾಗಿ ಬರೆದು ಕೊಡಲಿ. ನಾನು ‘ಫೆಡೋರಾ’ ಅಂತ ಒಂದು ವೈ ಒತ್ತಿದರೆ ಉಳಿದದ್ದು ತಾನಾಗಿ ಬರಲಿ.

ಹುಡುಗ: ಎಂಥಾ ಒಳ್ಳೇ ಯೋಚನೆ! ಎಲ್ಲಿದೆ ಅದು?

ಚಿಕ್ಕಮ್ಮ: ಮುಖ್ಯ ಕರ್ನೆಲ್‌ಗೆ ಬರಲೇ ಇಲ್ಲ. ಜೆಂಟೂದವರು ಮಾತ್ರ ತಮ್ಮ ಪ್ಯಾಚ್‌ನಲ್ಲಿ ಅಂಥ ಮೆನು ಇಟ್ಟುಕೊಂಡಿದ್ದಾರೆ. ಬೂಟ್ ಆದ ಮೇಲೆ ಸೇವೆಗಳನ್ನ ಎಬ್ಬಿಸೋಕೆ ಸಿಸ್ಟಮ್‌ಡಿ ಬೇಕಾ, ಓಪನ್‌ಆರ್‌ಸಿ ಬೇಕಾ ಅಂತ ಕೇಳಿ ಉಳಿದದ್ದನ್ನ ಎಳೆದುಕೊಳ್ಳುತ್ತೆ. ಕರ್ನೆಲ್‌ನಲ್ಲಿ ಸಿಗೋದು ತುಂಡು ಕಡತಗಳು. ‘ಕೆವಿಎಂ ಗೆಸ್ಟ್ ಡಾಟ್ ಕಾನ್ಫಿಗ್’ ಅಂತ ಒಂದಿದೆ, ವರ್ಚುವಲ್ ಯಂತ್ರದೊಳಗೆ ಓಡೋಕೆ ಬೇಕಾದಷ್ಟನ್ನ ನಿನ್ನ ಉತ್ತರಗಳಿಗೆ ಸೇರಿಸುತ್ತೆ. ನಿನ್ನ ಲ್ಯಾಪ್‌ಟಾಪ್‌ಗೆ ಬೇಕಾದದ್ದು ಇನ್ನೊಂದು: ‘ಲೋಕಲ್‌ಮಾಡ್‌ಕಾನ್ಫಿಗ್’. ಸ್ಟೀವನ್ ರಾಸ್ಟೆಡ್ ಬರೆದದ್ದು, 2009ರ ಕೊನೆಯ 2.6.32ರಲ್ಲಿ ಬಂತು. ಈಗ ಯಾವ ಮಾಡ್ಯೂಲ್‌ಗಳು ಓಡ್ತಿವೆ ಅಂತ ನೋಡಿ, ಅವನ್ನ ಹುಟ್ಟಿಸೋ ಆಯ್ಕೆಗಳನ್ನ ಉಳಿಸಿ, ಬೇರೆ ಮಾಡ್ಯೂಲ್‌ಗಳನ್ನೆಲ್ಲ ಕಿತ್ತುಹಾಕುತ್ತೆ. ಓಡಿಸೋ ಮುಂಚೆ ಪೆನ್‌ಡ್ರೈವ್, ವೆಬ್‌ಕ್ಯಾಮ್, ಪ್ರಿಂಟರ್ ಎಲ್ಲ ಒಮ್ಮೆ ಚುಚ್ಚು. ಆ ಹೊತ್ತಿಗೆ ಚುಚ್ಚದೇ ಇದ್ದದ್ದು ನಿನ್ನ ಹೊಸ ಕರ್ನೆಲ್ ಪಾಲಿಗೆ ಇಲ್ಲ.

ಹುಡುಗ: ಅಂದರೆ ರೇಮಂಡ್ ಕೇಳಿದ್ದೇ ಏಳು ವರ್ಷ ಬಿಟ್ಟು ಇನ್ನೊಂದು ರೂಪದಲ್ಲಿ ಬಂತು.

ಚಿಕ್ಕಮ್ಮ: ಸ್ವಲ್ಪ ಮಟ್ಟಿಗೆ ಹೌದು, ಅದನ್ನ ಒಪ್ಪಿಕೊಳ್ಳಬೇಕು. ಆದರೆ ಇದನ್ನ ಬಳಸೋರು ಟಿಲಿ ಆಂಟಿ ಅಲ್ಲ, ದಿನಕ್ಕೆ ಹತ್ತು ಸಲ ಕರ್ನೆಲ್ ಕಟ್ಟೋ ಡೆವಲಪರ್‌ಗಳು. ಅವರಿಗೆ ಪ್ರಶ್ನೆಗಿಂತ ಕಾಯೋದು ಕಷ್ಟ.

ಹುಡುಗ: ನಿಮ್ಮ ಬೋರ್ಡುಗಳಲ್ಲಿ?

ಚಿಕ್ಕಮ್ಮ: ಅದನ್ನ ಹೇಳ್ತೀನಿ ಕೇಳು, ಇದು ನಾನು ಕಣ್ಣಾರೆ ಕಂಡದ್ದು. 2010ರ ಹೊತ್ತಿಗೆ ಆರ್ಮ್ ಚಿಪ್‌ಗಳ ಲೋಕ ಹೇಗಿತ್ತು ಅಂದರೆ ಬೋರ್ಡಿಗೊಂದು ಸಿ ಕಡತ, ಬೋರ್ಡಿಗೊಂದು ಕಾನ್ಫಿಗ್ ಆಯ್ಕೆ, ಬೋರ್ಡಿಗೊಂದು ಯಂತ್ರಸಂಖ್ಯೆ, ಬೋರ್ಡಿಗೊಂದು ಡೆಫ್‌ಕಾನ್ಫಿಗ್. ಡೆಫ್‌ಕಾನ್ಫಿಗ್ ಅಂದರೆ ಸಾವಿರಾರು ಸಾಲಿನ ಉತ್ತರಪಟ್ಟಿ. ಬೆಂಗಳೂರಿನಲ್ಲಿ ಕೂತು ನಾವು ಮಾಡ್ತಿದ್ದದ್ದೇ ಅದು. ಹೊಸ ಬೋರ್ಡ್ ಮೇಜಿಗೆ ಬಂತಾ, ಅದಕ್ಕೆ ಹತ್ತಿರದ ಹಳೇ ಬೋರ್ಡಿನ ಕಡತ ನಕಲು ಮಾಡು, ನಾಲ್ಕು ವಿಳಾಸ ಬದಲಾಯಿಸು, ಹೆಸರು ಬದಲಾಯಿಸು, ಕಳಿಸು. ಊರೂರಲ್ಲಿ ಎಲ್ಲರೂ ಹಾಗೇ ಮಾಡ್ತಿದ್ದರು. ಒಂದು ಬೋರ್ಡಿಗೆ ಕಟ್ಟಿದ ಕರ್ನೆಲ್ ಪಕ್ಕದ ಕಂಪನಿ ಬೋರ್ಡಿನಲ್ಲಿ ಏಳೋದೇ ಇಲ್ಲ.

ಹುಡುಗ: ಟೊರ್ವಾಲ್ಡ್ಸ್ ಸುಮ್ಮನಿದ್ದರಾ?

ಚಿಕ್ಕಮ್ಮ: ಎಲ್ಲಿ ಸುಮ್ಮನಿರ್ತಾರೆ! ಆ ಡೆಫ್‌ಕಾನ್ಫಿಗ್‌ಗಳನ್ನ ಅಳಿಸಿಯೇ ಬಿಡ್ತೀನಿ ಅಂತ 2010ರಲ್ಲಿ ಗುಡುಗಿದರು. ಆಗ ಊವೆ ಕ್ಲೈನೆ-ಕ್ಯೋನಿಗ್ ಒಂದು ಸ್ಕ್ರಿಪ್ಟ್ ಬರೆದರು. ಒಂದೊಂದೇ ಸಾಲು ತೆಗೆದು ನೋಡೋದು. ತೆಗೆದ ಮೇಲೂ ಕೊನೇ ಫಲ ಅದೇ ಬಂದರೆ ಆ ಸಾಲು ಬೇಡ. ಡೀಫಾಲ್ಟ್‌ಗಿಂತ ಬೇರೆಯಾದ ಉತ್ತರಗಳಷ್ಟೇ ಉಳಿದವು. ನೂರಕ್ಕೂ ಹೆಚ್ಚು ಕಡತಗಳಿಂದ ಹತ್ತಿರ ಹತ್ತಿರ ಎರಡು ಲಕ್ಷ ಸಾಲು ಹೋಯ್ತು. ಈಗ ಅದೇ ಕೆಲಸವನ್ನ ‘ಸೇವ್‌ಡೆಫ್‌ಕಾನ್ಫಿಗ್’ ಮಾಡುತ್ತೆ.

ಹುಡುಗ: ಅಲ್ಲಿಗೆ ಸಮಸ್ಯೆ ಮುಗೀತಾ?

ಚಿಕ್ಕಮ್ಮ: ಸಾಲು ಕಡಿಮೆಯಾಯ್ತು, ಪ್ರಶ್ನೆ ಹಾಗೇ ಇತ್ತು. 2011ರ ಮಾರ್ಚ್‌ನಲ್ಲಿ ಟೊರ್ವಾಲ್ಡ್ಸ್ ಇನ್ನೊಂದು ಸಲ ಆರ್ಮ್‌ನವರ ಮೇಲೆ ಹರಿಹಾಯ್ದರು. ಆಮೇಲೆ ಎಲ್ಲರೂ ಮನಸ್ಸಿಟ್ಟು ಡಿವೈಸ್ ಟ್ರೀ ಕಡೆ ತಿರುಗಿದರು. ಪವರ್‌ಪಿಸಿ ಚಿಪ್‌ಗಳ ಲೋಕದಲ್ಲಿ ಅದು ಮೊದಲೇ ಇತ್ತು. ಬೋರ್ಡಿನ ವಿವರ ಕರ್ನೆಲ್ ಒಳಗೆ ಬೇಡ, ಪಕ್ಕದಲ್ಲಿ ಒಂದು ಸಣ್ಣ ಕಡತದಲ್ಲಿರಲಿ. ಈ ಸೀರಿಯಲ್ ಪೋರ್ಟ್ ಇಂಥ ಜಾತಿಯದು, ಇಂಥ ವಿಳಾಸದಲ್ಲಿದೆ, ಇದರ ಇಂಟರಪ್ಟ್ ಸಂಖ್ಯೆ ಇಷ್ಟು, ಹೀಗೆ. ಬೂಟ್‌ಲೋಡರ್ ಆ ಕಡತವನ್ನ ಮೆಮೊರಿಗೆ ಏರಿಸಿ, ಅದು ಇರೋ ಜಾಗವನ್ನ ಕರ್ನೆಲ್‌ಗೆ ಹೇಳುತ್ತೆ. ಕರ್ನೆಲ್ ಅದನ್ನ ಓದಿಕೊಂಡು ತಾನು ಯಾವ ಬೋರ್ಡಿನ ಮೇಲಿದ್ದೀನಿ ಅಂತ ತಿಳಿದುಕೊಳ್ಳುತ್ತೆ. 2012ರ ಡಿಸೆಂಬರ್‌ನಲ್ಲಿ 3.7 ಬಂದಾಗ ಬೇರೆ ಬೇರೆ ಕಂಪನಿಗಳ ಆರ್ಮ್ ಚಿಪ್‌ಗಳಿಗೆ ಒಂದೇ ಕರ್ನೆಲ್ ಕಟ್ಟೋದು ಸಾಧ್ಯವಾಯ್ತು.

ಹುಡುಗ: ಪ್ರಶ್ನೆ ಹೋಗಲಿಲ್ಲ, ಜಾಗ ಬದಲಾಯಿಸಿತು.

ಚಿಕ್ಕಮ್ಮ: ಹೂಂ. ಮೊದಲು ಕರ್ನೆಲ್ ಕಟ್ಟೋನನ್ನ ಕೇಳ್ತಿದ್ದರು, ಈಗ ಬೋರ್ಡ್ ಮಾಡಿದೋನನ್ನ ಕೇಳ್ತಾರೆ. ಸೀರಿಯಲ್ ಪೋರ್ಟ್ ಯಾವ ವಿಳಾಸದಲ್ಲಿದೆ ಅಂತ ಗೊತ್ತಿರೋದು ಅವನಿಗೇ ಅಲ್ವಾ? ನನ್ನ ಮಟ್ಟಿಗೆ ಈ ವಿಷಯದಲ್ಲಿ ನಡೆದ ನಿಜವಾದ ಸರಳೀಕರಣ ಅಂದರೆ ಇದೇ, ಮೆನುವಿನ ಬಣ್ಣ ಬದಲಾಯಿಸಿದ್ದಲ್ಲ. ಆದರೆ ಪುಕ್ಕಟೆ ಬರಲಿಲ್ಲ. ಮೊದಲು ಕೆಲವು ತಪ್ಪಿಗಾದರೂ ಕಂಪೈಲರ್ ಬೈಯೋದು, ಈಗ ಡಿವೈಸ್ ಟ್ರೀನಲ್ಲಿ ಒಂದು ಅಂಕೆ ತಪ್ಪಾದರೆ ಬೋರ್ಡ್ ಮೌನವಾಗಿ ಕೂತುಬಿಡುತ್ತೆ. ಆಸಿಲೋಸ್ಕೋಪ್ ಹಿಡಿದು ಪಿನ್ ಪಿನ್ ಹುಡುಕಬೇಕು.

ಹುಡುಗ: ಎಲ್ಲ ಪ್ರಶ್ನೆಗಳನ್ನೂ ಹೀಗೇ ಬೂಟ್ ಹೊತ್ತಿಗೆ ತಳ್ಳಬಹುದಲ್ಲ?

ಚಿಕ್ಕಮ್ಮ: ಕೆಲವನ್ನ ತಳ್ಳಿದ್ದಾರೆ. ಓಡ್ತಿರೋ ಕೆಲಸವನ್ನ ಕರ್ನೆಲ್ ಯಾವಾಗ ತಡೆದು ಇನ್ನೊಂದಕ್ಕೆ ಜಾಗ ಕೊಡಬೇಕು ಅನ್ನೋ ಪ್ರಶ್ನೆ ಇದೆಯಲ್ಲ, ಪ್ರಿಎಂಪ್ಷನ್, ಅದಕ್ಕೆ ಸರ್ವರ್‌ನವರದು ಒಂದು ಉತ್ತರ, ಡೆಸ್ಕ್‌ಟಾಪ್‌ನವರದು ಇನ್ನೊಂದು. ಅದಕ್ಕಾಗಿ ವಿತರಣೆಗಳು ಎರಡೆರಡು ಕರ್ನೆಲ್ ಕಟ್ಟಬೇಕಿತ್ತು. 2021ರ 5.12ರಿಂದ ಬೂಟ್ ಸಾಲಿನಲ್ಲಿ ‘ಪ್ರಿಎಂಪ್ಟ್’ ಅಂತ ಬರೆದು ಆರಿಸಬಹುದು. ಕರ್ನೆಲ್ ಏಳುವಾಗ ತನ್ನ ಕೋಡ್ ತಾನೇ ತಿದ್ದಿಕೊಳ್ಳುತ್ತೆ, ಅದರಿಂದ ನಷ್ಟ ತೀರಾ ಕಡಿಮೆ. ಆದರೆ ಎಲ್ಲಕ್ಕೂ ಹಾಗೆ ಮಾಡಿದರೆ ಎಲ್ಲ ಕೋಡನ್ನೂ ಎಲ್ಲರೂ ಹೊರಬೇಕು. ಕೆಲವೇ ಮೆಗಾಬೈಟ್ ಮೆಮೊರಿಯ ಸಾಧನಕ್ಕೆ ಅದು ಆಗಿಬರಲ್ಲ. ಭದ್ರತೆ ನೋಡಿಕೊಳ್ಳೋರೂ ಒಪ್ಪಲ್ಲ. ಕರ್ನೆಲ್‌ನಲ್ಲಿ ಇಲ್ಲದ ಕೋಡಿಗೆ ಕನ್ನ ಹಾಕೋಕೆ ಬರಲ್ಲ ಅಂತಾರೆ, ಅವರು ಹೇಳೋದೂ ಸರಿ.

ಹುಡುಗ: ಹಾಗಾದರೆ ಉಳಿದದ್ದು ಅಳಿಸೋದು.

ಚಿಕ್ಕಮ್ಮ: ಅಳಿಸೋದು ಬಲು ಕಷ್ಟ, ನನಗೆ ಬಲು ಇಷ್ಟ. ಮೆಮೊರಿ ಹಂಚೋ ಕೋಡ್ ಮೂರು ತರಹ ಇತ್ತು: ಸ್ಲ್ಯಾಬ್, ಸ್ಲಬ್, ಸ್ಲಾಬ್. ಹೆಸರು ಕೇಳಿಯೇ ತಲೆ ತಿರುಗುತ್ತೆ. ಮೊದಲನೆಯದು ಹಳೇದು, ಎರಡನೆಯದು 2007ರದ್ದು, ಮೂರನೆಯದು ಚಿಕ್ಕ ಯಂತ್ರಗಳಿಗೆ. ಬಳಸೋನಿಗೆ ಒಂದು ಪ್ರಶ್ನೆ, ಬರೆಯೋನಿಗೆ ಮೂರು ಪಟ್ಟು ಕೆಲಸ. ಏನೇ ಹೊಸತು ತರಬೇಕಾದರೂ ಮೂರು ಕಡೆ ಯೋಚಿಸಬೇಕು. ವ್ಲಾಸ್ಟಿಮಿಲ್ ಬಾಬ್ಕಾ ಮುಂದೆ ನಿಂತು ಇದನ್ನ ಬಗೆಹರಿಸಿದರು. 2023ರ 6.4ರಲ್ಲಿ ಮೂರನೆಯದು ಹೋಯ್ತು, 2024ರ 6.8ರಲ್ಲಿ ಮೊದಲನೆಯದೂ ಹೋಯ್ತು. ಅವರು ಮಾಡಿದ ಕ್ರಮ ನೋಡು: ಚಿಕ್ಕ ಯಂತ್ರದವರದ್ದು ಕಿತ್ತುಕೊಳ್ಳೋ ಮುಂಚೆ, ಉಳಿಯೋದರಲ್ಲೇ ‘ಸ್ಲಬ್ ಟೈನಿ’ ಅಂತ ಒಂದು ಪುಟ್ಟ ರೂಪ ಮಾಡಿಕೊಟ್ಟರು.

ಹುಡುಗ: ಎರಡು ಆಯ್ಕೆ ತೆಗೆಯೋಕೆ ಹೊಸದೊಂದು ಆಯ್ಕೆ!

ಚಿಕ್ಕಮ್ಮ: ನಗು, ಪರವಾಗಿಲ್ಲ. ಲೆಕ್ಕದಲ್ಲಿ ಲಾಭವೇ. ಅಳಿಸಿದ್ದಕ್ಕೆ ಇನ್ನೊಂದು ಉದಾಹರಣೆ ನೋಡು: ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರುಮಾಡಿದ್ದು 386 ಯಂತ್ರದ ಮೇಲೆ. ಆ 386ರ ಬೆಂಬಲವನ್ನೇ 2013ರ 3.8ರಲ್ಲಿ ತೆಗೆದರು. 486ರಿಂದ ಬಂದ ಕೆಲವು ಸೂಚನೆಗಳು ಅದರಲ್ಲಿಲ್ಲ ಅಂತ ಎಲ್ಲೆಡೆ ಸುತ್ತುದಾರಿ ಬರೆದಿಟ್ಟಿದ್ದರು, ಅದೆಲ್ಲ ಹೋಯ್ತು. ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಮಾಡೋ ಓಪನ್‌ಬಿಎಸ್‌ಡಿಯವರು ಈ ವಿಷಯದಲ್ಲಿ ಇನ್ನೂ ಖಡಕ್ಕು. ನಾವು ಕೊಟ್ಟ ಜೆನೆರಿಕ್ ಕರ್ನೆಲ್ ಬಳಸಿ, ನೀವೇ ಬದಲಾಯಿಸಿಕೊಂಡು ಕಟ್ಟಿದ್ದು ಕೆಟ್ಟರೆ ನಮ್ಮ ಹತ್ತಿರ ಬರಬೇಡಿ ಅಂತಾರೆ. ಲಿನಕ್ಸ್‌ಗೆ ಆ ಮಾತು ಆಡೋ ಹಾಗಿಲ್ಲ. ಫೋನಿಂದ ಸೂಪರ್‌ಕಂಪ್ಯೂಟರ್ ತನಕ ಅದೇ ಸೋರ್ಸ್ ಮರ.

ಹುಡುಗ: ನಾನೂ ಒಂದು ಆಯ್ಕೆ ತೆಗೆಯಬಹುದಾ? ಪ್ಯಾಚ್ ಕಳಿಸ್ತೀನಿ.

ಚಿಕ್ಕಮ್ಮ: ಬದುಕಿರೋದನ್ನ ಮುಟ್ಟಬೇಡ, ಸತ್ತದ್ದನ್ನ ಹುಡುಕು. ಎರ್ಲಾಂಗೆನ್‌ನವರ ಪ್ರಬಂಧದಲ್ಲೇ ಒಂದು ಚೆಂದದ ಉದಾಹರಣೆ ಇದೆ. ಆಯ್ಕೆಯ ನಿಜವಾದ ಹೆಸರು ‘ಹಾಟ್‌ಪ್ಲಗ್ ಸಿಪಿಯು’. ಒಂದು ಕಡತದಲ್ಲಿ ಯಾರೋ ತಿರುಗಾಮುರುಗಾ ‘ಸಿಪಿಯು ಹಾಟ್‌ಪ್ಲಗ್’ ಅಂತ ಬರೆದುಬಿಟ್ಟಿದ್ದರು. ಆ ಹೆಸರಿನ ಆಯ್ಕೆಯೇ ಇಲ್ಲ. ಇಲ್ಲದ ಹೆಸರು ಇಫ್‌ಡೆಫ್‌ನಲ್ಲಿದ್ದರೆ ಕಂಪೈಲರ್ ತಕರಾರು ಮಾಡಲ್ಲ, ಆ ಭಾಗವನ್ನ ತೆಪ್ಪಗೆ ಬಿಟ್ಟು ಮುಂದೆ ಹೋಗುತ್ತೆ. ಪ್ರೊಸೆಸರ್ ತೆಗೆದಾಗ ಮೆಮೊರಿ ವಾಪಸ್ ಕೊಡೋ ಕೋಡ್ ಅಲ್ಲಿತ್ತು. ಅದು ಯಾರ ಕರ್ನೆಲ್‌ನಲ್ಲೂ ಸೇರಿರಲಿಲ್ಲ.

ಹುಡುಗ: ಅಂಥದ್ದು ಇನ್ನೂ ಇವೆಯಾ?

ಚಿಕ್ಕಮ್ಮ: ಸ್ಕ್ರಿಪ್ಟ್ಸ್ ಫೋಲ್ಡರ್‌ನಲ್ಲಿ ‘ಚೆಕ್‌ಕೆಕಾನ್ಫಿಗ್‌ಸಿಂಬಲ್ಸ್’ ಇದೆ, ಓಡಿಸು. ಎಲ್ಲೂ ಇಲ್ಲದ ಆಯ್ಕೆಯನ್ನ ನಂಬಿಕೊಂಡು ಕೂತಿರೋ ಕೋಡನ್ನೆಲ್ಲ ಪಟ್ಟಿ ಮಾಡಿ ಕೊಡುತ್ತೆ. ಒಂದನ್ನ ಆರಿಸಿಕೋ. ಅದು ಅಕ್ಷರದ ತಪ್ಪೋ, ಆಯ್ಕೆ ಅಳಿಸಿದಾಗ ಉಳಿದುಹೋದ ಬಾಲವೋ, ಇನ್ನೂ ಬರಬೇಕಾದ ಕೋಡ್‌ಗೆ ಮುಂಗಡ ಇಟ್ಟ ಜಾಗವೋ ಅಂತ ಗಿಟ್ ಲಾಗ್‌ನಲ್ಲಿ ಹುಡುಕು. ಮೂರಕ್ಕೂ ಮದ್ದು ಬೇರೆ. ಆ ಭಾಗದ ಮೇಂಟೇನರ್ ಯಾರು ಅಂತ ‘ಗೆಟ್ ಮೇಂಟೇನರ್’ ಹೇಳುತ್ತೆ. ಪ್ಯಾಚ್‌ನ ವಿವರಣೆಯಲ್ಲಿ ಯಾವ ಕಮಿಟ್‌ನಿಂದ ಹೀಗಾಯ್ತು ಅಂತ ಬರೆಯೋದು ಮರೀಬೇಡ.

ಹುಡುಗ: ಆ ಭಾಗವನ್ನ ಯಾರಾದರೂ ಇನ್ನೂ ಬಳಸ್ತಿದ್ದರೆ?

ಚಿಕ್ಕಮ್ಮ: ಕಂಪೈಲ್ ಆಗದ್ದನ್ನ ಯಾರು ಬಳಸ್ತಾರೋ? ಓಡಿಸು ಮೊದಲು.